ಆರ್‌ಸಿ ಬಗ್ಗಿಯ ಡಿಫರೆನ್ಷಿಯಲ್: ಆಯ್ಕೆ, ಜೋಡಣೆ ಮತ್ತು ನಿರ್ವಹಣೆ

ಆರ್‌ಸಿ ಬಗ್ಗಿ, ಅಂದರೆ ರಿಮೋಟ್‌ನಿಂದ ಓಡಿಸುವ ಪುಟ್ಟ ಕಾರು ಕೊಂಡು ಕೆಲವು ತಿಂಗಳು ಓಡಿಸಿದ ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ರೂಪದಲ್ಲಿರುತ್ತದೆ: "ಹಿಂದಿನ ಡಿಫ್‌ಗೆ ಎಷ್ಟು ನಂಬರಿನ ಎಣ್ಣೆ ಹಾಕಬೇಕು?" ಡಿಫ್ ಎಂದರೆ ಡಿಫರೆನ್ಷಿಯಲ್, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್‌ಗಳ ಜೋಡಣೆ; ನಂಬರು ಅದರೊಳಗಿನ ಎಣ್ಣೆಯ ಮಂದತೆಯ ಅಳತೆ. ಪ್ರಶ್ನೆಗೆ ಒಂದು ಸಂಖ್ಯೆಯನ್ನು ಹೇಳಿ ಮುಗಿಸುವುದು ಸುಲಭ. ಆದರೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ (ಓ-ರಿಂಗ್) ಸವೆದಿರುವ, ಗೇರ್‌ಗಳ ಅಂತರ ಹೊಂದಿಸುವ ತೆಳು ಬಿಲ್ಲೆ (ಶಿಮ್) ಕಳೆದುಹೋಗಿರುವ, ಪ್ರತಿ ಸಲವೂ ಬೇರೆ ಬೇರೆ ಮಟ್ಟಕ್ಕೆ ತುಂಬಿಸಿದ ಡಿಫ್‌ನಲ್ಲಿ ಆ ಸಂಖ್ಯೆಗೆ ಯಾವ ಅರ್ಥವೂ ಉಳಿಯುವುದಿಲ್ಲ. 7,000ದ ಎಣ್ಣೆಯನ್ನು ಅರ್ಧ ತುಂಬಿಸಿದ ಡಿಫ್ ಸರಿಯಾಗಿ ತುಂಬಿಸಿದ 3,000ದ ಡಿಫ್‌ಗಿಂತ ಸಡಿಲವಾಗಿ ವರ್ತಿಸಬಹುದು. ಆದ್ದರಿಂದ ನಿಮ್ಮ ಗಾಡಿಯಲ್ಲಿ ಯಾವ ಡಿಫ್ ಇದೆ, ಅದು ನಿಮ್ಮ ನೆಲಕ್ಕೂ ಮೋಟರಿಗೂ ತಕ್ಕದ್ದೇ ಎಂಬುದನ್ನು ಮೊದಲು ನೋಡಿ, ಅನಂತರ ಎಣ್ಣೆಗೂ ಜೋಡಣೆಗೂ ಬರೋಣ.

ಡಿಫ್ ಮಾಡುವ ಕೆಲಸ

ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಒಂದು ಚಕ್ರ ನೆಲವನ್ನು ಕೆರೆಯುತ್ತದೆ, ಗಾಡಿ ತಿರುಗಲು ಒಲ್ಲದು. ಎರಡೂ ಚಕ್ರಗಳಿಗೆ ಮೋಟರಿನ ಬಲವನ್ನು ಮುಟ್ಟಿಸುತ್ತಲೇ ಅವು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವುದು ಡಿಫರೆನ್ಷಿಯಲ್‌ನ ಕೆಲಸ. ಲಾರಿಯ ಹಿಂದಿನ ಹೌಸಿಂಗ್‌ನಲ್ಲಿ ಮೆಕ್ಯಾನಿಕ್‌ಗಳು ಕ್ರೌನ್ ಪಿನಿಯನ್ ಎಂದು ಕರೆಯುವ ಜೋಡಿಯೇ ಇಲ್ಲಿಯೂ ಇದೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿದೆ, ಅಷ್ಟೇ.

ಒಳಗೆ ಯಾವ ತಡೆಯೂ ಇಲ್ಲದ ಡಿಫ್‌ಗೆ ಒಂದು ದೊಡ್ಡ ದೋಷವಿದೆ. ಅದು ಎರಡೂ ಚಕ್ರಗಳಿಗೆ ಸಮಾನ ತಿರುಚುಬಲವನ್ನು ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ಸುತ್ತಿಸಲು ಸಾಕಾಗುವ ಅಲ್ಪ ಬಲವೇ ನೆಲದ ಮೇಲಿರುವ ಚಕ್ರಕ್ಕೂ ಸಿಗುತ್ತದೆ. ಗಾಡಿ ನಿಂತಲ್ಲೇ ನಿಂತು ಒಂದು ಟೈರ್ ಮಾತ್ರ ಗಿರ್ರೆಂದು ತಿರುಗುವುದು ಈ ಕಾರಣದಿಂದ. ಇದನ್ನು ತಡೆಯಲು ಗೇರ್ ಡಿಫ್‌ನಲ್ಲಿ ದಪ್ಪ ಸಿಲಿಕೋನ್ ಎಣ್ಣೆಯನ್ನು ತುಂಬುತ್ತಾರೆ. ಎರಡು ಚಕ್ರಗಳ ವೇಗದ ವ್ಯತ್ಯಾಸ ಹೆಚ್ಚಿದಷ್ಟೂ ಎಣ್ಣೆಯ ತಡೆ ಹೆಚ್ಚುತ್ತದೆ. ಬಾಲ್ ಡಿಫ್‌ನಲ್ಲಿ ಹಲ್ಲುಗಳ ಬದಲು ಎರಡು ಉಕ್ಕಿನ ಬಳೆಗಳ ನಡುವೆ ಒತ್ತಿ ಹಿಡಿದ ಸಣ್ಣ ಗುಂಡುಗಳಿರುತ್ತವೆ. ಅಲ್ಲಿನ ತಡೆಯನ್ನು ಒಂದು ಸ್ಕ್ರೂವಿನ ಬಿಗಿತ ನಿರ್ಧರಿಸುತ್ತದೆ. ಬಿಗಿತವನ್ನು ಹೊಂದಿಸಬಹುದಾದ ಈ ಬಾಲ್ ಡಿಫ್ ಅನ್ನು ಆರ್‌ಸಿ ಲೋಕಕ್ಕೆ ತಂದವರು ಇಂಗ್ಲೆಂಡಿನ ಸೆಸಿಲ್ ಶೂಮಾಕರ್. ಅದಕ್ಕೂ ಮೊದಲು ಅವರು ರೇಸ್ ಕಾರುಗಳ ಎಂಜಿನ್ ತಯಾರಿಸುವ ಕಾಸ್‌ವರ್ತ್ ಸಂಸ್ಥೆಯಲ್ಲಿ ಎಂಜಿನಿಯರ್ ಆಗಿದ್ದರು.

ಮುಂದೆ ಪದೇ ಪದೇ ಬರುವ ಕೆಲವು ಹೆಸರುಗಳನ್ನು ಇಲ್ಲಿಯೇ ತಿಳಿದುಕೊಳ್ಳಿ. ಗೇರ್‌ಗಳನ್ನು ಒಳಗಿಟ್ಟುಕೊಳ್ಳುವ ಬಟ್ಟಲು ಕೇಸ್. ಅದರ ಬಾಯಿಗೆ ಮುಚ್ಚಳದಂತೆ ಕೂರುವ ದೊಡ್ಡ ಹಲ್ಲಿನ ಚಕ್ರ ಕ್ರೌನ್ ಗೇರ್. ಅದನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್. ಕೇಸ್‌ನಿಂದ ಎರಡು ಬದಿಗೆ ಹೊರಚಾಚಿ ಚಕ್ರದ ಅಚ್ಚುಗಳನ್ನು ಹಿಡಿಯುವ ಕಪ್‌ಗಳು ಔಟ್‌ಡ್ರೈವ್. ಒಳಗೆ ಅವುಗಳ ತುದಿಗೆ ಕೂರುವ ಗೇರ್‌ಗಳು ಸನ್ ಗೇರ್, ಅಡ್ಡಪಿನ್ನಿನ ಮೇಲೆ ಸುತ್ತುತ್ತ ಅವೆರಡನ್ನೂ ಬೆಸೆಯುವ ಪುಟ್ಟ ಗೇರ್‌ಗಳು ಸ್ಪೈಡರ್ ಗೇರ್. ಗೇರ್‌ಗಳ ಅಂತರವನ್ನು ಹೊಂದಿಸಲು ಬಳಸುವ ತೆಳುವಾದ ಲೋಹದ ಬಿಲ್ಲೆಗೆ ಶಿಮ್ ಎನ್ನುತ್ತಾರೆ.

ಹಂತ 1: ನಿಮ್ಮ ಗಾಡಿಯಲ್ಲಿ ಏನಿದೆ ಎಂದು ತಿಳಿಯಿರಿ

ನಮ್ಮಲ್ಲಿ ಹಲವರ ಮೊದಲ ಬಗ್ಗಿಯಾಗಿರುವ ಡಬ್ಲ್ಯೂಎಲ್‌ಟಾಯ್ಸ್ 144001ರಲ್ಲಿ ಮುಂದೊಂದು, ಹಿಂದೊಂದು ಗೇರ್ ಡಿಫ್ ಇದೆ. ನಡುವೆ ನೇರ ದಂಡವಷ್ಟೇ ಇದ್ದು ಅಲ್ಲಿ ಡಿಫ್ ಇಲ್ಲ. ತಮಿಯಾ ಟಿಟಿ-02ಬಿಯದೂ ಇದೇ ವ್ಯವಸ್ಥೆ. 1/10 ಅಳತೆಯ, ಅಂದರೆ ನಿಜವಾದ ಕಾರಿನ ಹತ್ತನೇ ಒಂದರಷ್ಟಿರುವ, ಎರಡು ಚಕ್ರ ಚಾಲನೆಯ ಬಗ್ಗಿಗಳಲ್ಲಿ ಹಿಂದಿನ ಗೇರ್‌ಬಾಕ್ಸ್‌ನೊಳಗೆ ಒಂದೇ ಡಿಫ್ ಇರುತ್ತದೆ. ಅದು ಬಾಲ್ ಆಗಿರಬಹುದು, ಗೇರ್ ಆಗಿರಬಹುದು. 1/8 ಅಳತೆಯ ರೇಸಿಂಗ್ ಬಗ್ಗಿಗಳಲ್ಲಿ ಮುಂದೆ, ನಡುವೆ, ಹಿಂದೆ ಹೀಗೆ ಮೂರು ಡಿಫ್‌ಗಳಿದ್ದು, ನಡುವಿನದು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಬಲವನ್ನು ಹಂಚುತ್ತದೆ.

ಗೇರ್ ಡಿಫ್ ಎಂದು ಖಚಿತವಾದ ಮೇಲೆ, ಅದು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವಂಥದೇ ಎಂದು ನೋಡಬೇಕು. ಔಟ್‌ಡ್ರೈವ್ ಹೊರಬರುವ ರಂಧ್ರಗಳಲ್ಲಿ ಓ-ರಿಂಗ್ ಮತ್ತು ಕ್ರೌನ್ ಗೇರ್‌ನ ಅಡಿಯಲ್ಲಿ ಗ್ಯಾಸ್ಕೆಟ್ ಅಥವಾ ದೊಡ್ಡ ಓ-ರಿಂಗ್ ಇದ್ದರೆ ಅದು ಎಣ್ಣೆಯ ಡಿಫ್. ಇವೆರಡೂ ಇಲ್ಲದಿದ್ದರೆ ಅದು ಗ್ರೀಸಿನ ಡಿಫ್. ಗ್ರೀಸಿನ ಡಿಫ್‌ಗೆ ಎಣ್ಣೆ ಸುರಿದರೆ ಅದು ಸ್ವಲ್ಪ ಹೊತ್ತಿನಲ್ಲೇ ಗೇರ್‌ಬಾಕ್ಸ್‌ನ ತಳ ಸೇರಿ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಅಂಥವುಗಳಿಗೆ ತಮಿಯಾ ಮಾರುವ ಆಂಟಿ-ವೇರ್ ಗ್ರೀಸಿನಂಥ ಅಂಟುಗ್ರೀಸನ್ನು ಗೇರ್‌ಗಳ ನಡುವೆ ತುಂಬುವುದೇ ಸರಿಯಾದ ದಾರಿ. ಟಿಟಿ-02ಕ್ಕಾದರೆ ಎಣ್ಣೆ ತುಂಬಬಹುದಾದ ಡಿಫ್ ಬಿಡಿಯಾಗಿಯೂ ಸಿಗುತ್ತದೆ.

ಹಂತ 2: ಬಾಲ್ ಡಿಫ್ ಬೇಕೆ, ಗೇರ್ ಡಿಫ್ ಬೇಕೆ

1/8 ಬಗ್ಗಿಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿನ ತೂಕ ಮತ್ತು ಬಲಕ್ಕೆ ಗೇರ್ ಡಿಫ್ ಒಂದೇ ತಾಳುತ್ತದೆ. ಆಯ್ಕೆ ಇರುವುದು 1/10ರಲ್ಲಿ, ಅದರಲ್ಲೂ ಎರಡು ಚಕ್ರ ಚಾಲನೆಯಲ್ಲಿ. ಸಡಿಲ ಮಣ್ಣಿನ, ಜಾರುವ ನೆಲದಲ್ಲಿ ಸಾಧಾರಣ ಮೋಟರಿನೊಂದಿಗೆ ಓಡಿಸುವವರಿಗೆ ಬಾಲ್ ಡಿಫ್ ಇಂದಿಗೂ ಒಳ್ಳೆಯದು, ಏಕೆಂದರೆ ಅದು ಮೃದುವಾಗಿ ಕೆಲಸ ಮಾಡುತ್ತದೆ ಮತ್ತು ಹಲವು ಮಾದರಿಗಳಲ್ಲಿ ಗೇರ್‌ಬಾಕ್ಸ್ ಬಿಚ್ಚದೆಯೇ ಬಿಗಿತವನ್ನು ಬದಲಿಸಬಹುದು. ಆದರೆ ಅದು ಆರೈಕೆಯನ್ನು ಕೇಳುತ್ತದೆ, ಧೂಳನ್ನು ಸಹಿಸುವುದಿಲ್ಲ. ಕಾರ್ಪೆಟ್, ಕೃತಕ ಹುಲ್ಲು, ಗಟ್ಟಿ ಮಣ್ಣಿನಂಥ ಹಿಡಿತವಿರುವ ನೆಲದಲ್ಲಿ ಜೋರಾದ ಬ್ರಷ್‌ಲೆಸ್ ಮೋಟರ್ ಹಾಕಿ ಓಡಿಸುವವರು ಗೇರ್ ಡಿಫ್‌ಗೆ ಹೋಗುವುದು ಮೇಲು. ಬಯಲಿನಲ್ಲಿ, ಮನೆಯ ಮುಂದಿನ ರಸ್ತೆಯಲ್ಲಿ, ಇಟ್ಟಿಗೆಯ ರಾಶಿಯ ಮೇಲೆ ಹಾರಿಸಿ ಖುಷಿಪಡುವವರಿಗೂ ನನ್ನ ಸಲಹೆ ಗೇರ್ ಡಿಫ್ ಎಂದೇ.

ಡಿಫ್ ಅನ್ನು ಅಂಟು ಹಾಕಿಯೋ ಗಟ್ಟಿ ಪುಟ್ಟಿ ತುಂಬಿಯೋ ಪೂರ್ತಿ ಬಂಧಿಸಿಬಿಡುವ ಪದ್ಧತಿ ಬಂಡೆ ಹತ್ತುವ ಕ್ರಾಲರ್ ಗಾಡಿಗಳದ್ದು. ಬಗ್ಗಿಯಲ್ಲಿ ಹಾಗೆ ಮಾಡಿದರೆ ತಿರುವಿನಲ್ಲಿ ಗಾಡಿ ನೇರಕ್ಕೆ ತಳ್ಳಿಕೊಂಡು ಹೋಗುತ್ತದೆ ಅಥವಾ ಹಿಂಭಾಗ ಸುತ್ತಿ ಬೀಳುತ್ತದೆ. ಅಚ್ಚುಗಳು ಬಾಗುವುದು ಬೇರೆ.

ಹಂತ 3: ಎಣ್ಣೆಯ ಆಯ್ಕೆ

ಡಿಫ್ ಎಣ್ಣೆಯ ಬಾಟಲಿಯ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಸೆಂಟಿಸ್ಟೋಕ್ಸ್ ಎಂಬ ಅಳತೆಯಲ್ಲಿರುತ್ತದೆ. ಅದು ದ್ರವದ ಮಂದತೆಯನ್ನು ಸೂಚಿಸುತ್ತದೆ. ಕೋಣೆಯ ಉಷ್ಣತೆಯಲ್ಲಿ ನೀರಿನದು ಸುಮಾರು 1. ಶಾಕ್ ಅಬ್ಸಾರ್ಬರ್ ಎಣ್ಣೆಗಳಿಗೆ ಬಳಸುವ 'ವೇಯ್ಟ್' ಎಂಬ ಸಂಖ್ಯೆ ಇದಕ್ಕಿಂತ ಬೇರೆ, ಅದೂ ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಆದ್ದರಿಂದ ಎರಡನ್ನೂ ಕಲಸಿಕೊಳ್ಳಬೇಡಿ.

ಆರಂಭಕ್ಕೆ ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಸಂಖ್ಯೆಗಳನ್ನೇ ಅನುಸರಿಸಿ. ಕೈಪಿಡಿ ಸಿಗದಿದ್ದರೆ 1/8 ಬಗ್ಗಿಗೆ ಮುಂದೆ 7,000, ನಡುವೆ 7,000, ಹಿಂದೆ 3,000 ಎಂಬುದು ಎಲ್ಲಿಯೂ ತೀರಾ ಕೆಡದ ಜೋಡಣೆ. ಎಲೆಕ್ಟ್ರಿಕ್ ಗಾಡಿಯಲ್ಲಿ ನಡುವಿನದನ್ನು 10,000ದವರೆಗೆ ಏರಿಸುವವರು ಬಹಳ. 1/10 ಎರಡು ಚಕ್ರ ಚಾಲನೆಯ ಗಾಡಿಯ ಹಿಂದಿನ ಗೇರ್ ಡಿಫ್‌ಗೆ 3,000ದಿಂದ 10,000ದ ನಡುವಿನದು ಹೊಂದುತ್ತದೆ; ಮೊದಲ ಸಲಕ್ಕೆ 5,000 ಹಾಕಿ ನೋಡಬಹುದು.

ಅಲ್ಲಿಂದಾಚೆಗೆ ಬದಲಾವಣೆಯ ದಿಕ್ಕು ಹೀಗಿದೆ. ಮುಂದಿನ ಡಿಫ್‌ನಲ್ಲಿ ತೆಳು ಎಣ್ಣೆ ಹಾಕಿದರೆ ಥ್ರಾಟಲ್ ಬಿಟ್ಟು ತಿರುವಿಗೆ ಇಳಿಯುವಾಗ ಗಾಡಿ ಚುರುಕಾಗಿ ಒಳಗೆ ತಿರುಗುತ್ತದೆ. ದಪ್ಪ ಎಣ್ಣೆ ಹಾಕಿದರೆ ಆ ಚುರುಕು ತಗ್ಗಿ, ಬ್ರೇಕ್ ಹಿಡಿಯುವಾಗ ಸ್ಥಿರತೆಯೂ ಥ್ರಾಟಲ್ ಒತ್ತಿ ತಿರುವಿನಿಂದ ಹೊರಬರುವಾಗ ಮುಂಭಾಗದ ಎಳೆತವೂ ಹೆಚ್ಚುತ್ತವೆ. ಹಿಂದಿನ ಡಿಫ್‌ನಲ್ಲಿ ತೆಳು ಎಣ್ಣೆಯಿಂದ ತಿರುವಿನ ಮಧ್ಯದಲ್ಲಿ ಪಕ್ಕದ ಹಿಡಿತ ಸಿಗುತ್ತದೆ. ದಪ್ಪ ಎಣ್ಣೆಯಿಂದ ಮುಂದೋಟ ಬಲವಾದರೂ ಥ್ರಾಟಲ್ ಒತ್ತಿದಾಗ ಹಿಂಭಾಗ ಜಾರುವ ಸಾಧ್ಯತೆ ಹೆಚ್ಚುತ್ತದೆ. ನಡುವಿನ ಡಿಫ್ ತೀರಾ ತೆಳುವಾದರೆ ಬಲವೆಲ್ಲ ಹಗುರಾದ ಮುಂದಿನ ಚಕ್ರಗಳತ್ತ ಸೋರಿಹೋಗುತ್ತದೆ. ಗಾಡಿ ಹೊರಡುವಾಗ ಪಕ್ಕದಿಂದ ನೋಡಿ: ಮುಂದಿನ ಟೈರ್‌ಗಳು ಬಲೂನಿನಂತೆ ಉಬ್ಬಿ ಎತ್ತರವಾದರೆ ಅದೇ ಅದರ ಗುರುತು. ನಡುವೆ ದಪ್ಪ ಎಣ್ಣೆ ನಯವಾದ, ಹಿಡಿತವಿರುವ ನೆಲದಲ್ಲಿ ಗಾಡಿಯನ್ನು ಬಾಣದಂತೆ ಹೊರಡಿಸುತ್ತದೆ, ಆದರೆ ಗುಂಡಿಬಿದ್ದ ನೆಲದಲ್ಲಿ ಅದನ್ನು ಹಿಡಿಯುವುದು ಕಷ್ಟ. ಒಂದು ಸಲಕ್ಕೆ ಒಂದೇ ಡಿಫ್ ಬದಲಿಸಿ. ಮೂರನ್ನೂ ಒಟ್ಟಿಗೆ ಬದಲಿಸಿದವರಿಗೆ ಯಾವುದರಿಂದ ಏನಾಯಿತೆಂದು ತಿಳಿಯುವ ಬಗೆಯೇ ಇಲ್ಲ.

ಬೇಕಾದ ಸಂಖ್ಯೆಯ ಎಣ್ಣೆ ಅಂಗಡಿಯಲ್ಲಿಲ್ಲದಾಗ ಎರಡನ್ನು ಬೆರೆಸಬಹುದು, ಆದರೆ ಸರಾಸರಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. 5,000 ಮತ್ತು 10,000ವನ್ನು ಸಮ ಪ್ರಮಾಣದಲ್ಲಿ ಬೆರೆಸಿದರೆ ಸಿಗುವುದು 7,500ರ ಬದಲು ಸುಮಾರು 7,000. ಎರಡು ಸಂಖ್ಯೆಗಳ ಅಂತರ ಹೆಚ್ಚಿದಷ್ಟೂ ಫಲ ತೆಳುವಿನ ಕಡೆಗೇ ವಾಲುತ್ತದೆ. ಒಂದೇ ಕಂಪನಿಯ ಎಣ್ಣೆಗಳನ್ನೇ ಬೆರೆಸಿ.

ಈ ಸಂಖ್ಯೆಗಳೆಲ್ಲ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದವು ಎಂಬುದನ್ನು ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಓಡಿಸುವವರು ನೆನಪಿಡಬೇಕು. ಸಿಲಿಕೋನ್ ಎಣ್ಣೆ ಖನಿಜ ಎಣ್ಣೆಯಷ್ಟು ಬೇಗ ತೆಳುವಾಗುವುದಿಲ್ಲವಾದರೂ 60 ಡಿಗ್ರಿ ದಾಟಿದ ಡಿಫ್‌ನಲ್ಲಿ ಅದರ ಮಂದತೆ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. 40 ಡಿಗ್ರಿಯ ಮಧ್ಯಾಹ್ನದಲ್ಲಿ ಬಿಸಿಯಾದ ನಡುವಿನ ಡಿಫ್‌ಗೆ ಅಷ್ಟು ದೂರವೇನೂ ಇಲ್ಲ. ಬಾಟಲಿ ದುಬಾರಿ ಎಂದು ಎಂಜಿನ್ ಆಯಿಲ್ ಅಥವಾ ಕೊಬ್ಬರಿ ಎಣ್ಣೆ ಹಾಕುವ ಸಲಹೆಯೂ ಆಗಾಗ ಕಿವಿಗೆ ಬೀಳುತ್ತದೆ. ಎರಡೂ ಈ ಕೆಲಸಕ್ಕೆ ತೀರಾ ತೆಳು. ಪೆಟ್ರೋಲಿಯಂ ಎಣ್ಣೆ ಸಿಲಿಕೋನ್ ರಬ್ಬರಿನ ಓ-ರಿಂಗ್‌ಗಳನ್ನು ಉಬ್ಬಿಸುತ್ತದೆ, ಕೊಬ್ಬರಿ ಎಣ್ಣೆಯಂತೂ ಬೆಂಗಳೂರಿನ ಚಳಿಗೇ ಹೆಪ್ಪುಗಟ್ಟುತ್ತದೆ.

ಹಂತ 4: ಬಿಚ್ಚುವುದು ಮತ್ತು ಪರೀಕ್ಷಿಸುವುದು

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಒಳ್ಳೆಯ ಉಕ್ಕಿನ ಅಲನ್ ಕೀಗಳು, ಬ್ರೇಕ್ ಕ್ಲೀನರ್ ಸ್ಪ್ರೇ, ನಾರು ಬಿಡದ ಬಟ್ಟೆ, ಬಿಳಿ ತಟ್ಟೆ, ಚಿನ್ನ ತೂಗಲು ಬಳಸುವ ಬಗೆಯ 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ. ಸವೆದ ಅಗ್ಗದ ಅಲನ್ ಕೀ ಸ್ಕ್ರೂವಿನ ತಲೆಯನ್ನು ದುಂಡಗೆ ಮಾಡಿಬಿಟ್ಟರೆ ಅರ್ಧ ಗಂಟೆಯ ಕೆಲಸ ಇಡೀ ದಿನದ್ದಾಗುತ್ತದೆ. ಸ್ಪ್ರೇಯನ್ನು ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಬಳಸಿ. ಗಾಡಿಯ ಪಾರದರ್ಶಕ ಪಾಲಿಕಾರ್ಬೊನೇಟ್ ಬಾಡಿಗೂ ಓ-ರಿಂಗ್‌ಗಳಿಗೂ ಅದನ್ನು ಸೋಕಿಸಬೇಡಿ.

ಬಿಚ್ಚುವ ಮೊದಲು ಗಾಡಿಯ ಹೊರಮೈಯನ್ನು ಬ್ರಷ್‌ನಿಂದ ಚೆನ್ನಾಗಿ ಗುಡಿಸಿ. ಡಿಫ್ ಹೊರತೆಗೆಯುವಾಗ ಕ್ರೌನ್ ಗೇರ್ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಹಿಂದುಮುಂದಾಗಿ ಕೂರಿಸಿದರೆ ನಾಲ್ಕು ಚಕ್ರ ಚಾಲನೆಯ ಗಾಡಿಯಲ್ಲಿ ಮುಂದಿನ ಚಕ್ರಗಳು ಒಂದು ದಿಕ್ಕಿಗೆ, ಹಿಂದಿನವು ಇನ್ನೊಂದು ದಿಕ್ಕಿಗೆ ಸುತ್ತುತ್ತವೆ. ಎರಡು ಬೇರಿಂಗ್‌ಗಳ ಒಳಗಿನ ಶಿಮ್‌ಗಳು ಯಾವ ಬದಿಯಲ್ಲಿ ಎಷ್ಟಿದ್ದವು ಎಂಬುದನ್ನೂ ಬರೆದುಕೊಳ್ಳಿ. ಎಣ್ಣೆಗೆ ಅಂಟಿಕೊಂಡ ಶಿಮ್ ಬಟ್ಟೆಯೊಂದಿಗೆ ಕಸದ ಬುಟ್ಟಿಗೆ ಹೋಗುವುದು ಅಪರೂಪವೇನಲ್ಲ.

ಕ್ರೌನ್ ಗೇರ್‌ನ ನಾಲ್ಕು ಸ್ಕ್ರೂ ತೆಗೆದು ಹಳೆಯ ಎಣ್ಣೆಯನ್ನು ಬಿಳಿ ತಟ್ಟೆಗೆ ಸುರಿಯಿರಿ. ಅದರ ಬಣ್ಣ ಬಹಳಷ್ಟನ್ನು ಹೇಳುತ್ತದೆ. ತಿಳಿಬೂದು ಬಣ್ಣ ಸಹಜ, ಹೊಸ ಗೇರ್‌ಗಳು ಉಜ್ಜಿ ಹೊಂದಿಕೊಳ್ಳುವಾಗ ಬಿಡುವ ಸೂಕ್ಷ್ಮ ಲೋಹದ ಪುಡಿ ಅದು. ಹಾಗಾಗಿ ಹೊಸ ಡಿಫ್‌ನ ಮೊದಲ ಎಣ್ಣೆಯನ್ನು ಬೇಗನೆ ಬದಲಿಸಬೇಕು. ಕಡುಗಪ್ಪಾಗಿದ್ದರೆ ಬದಲಿಸುವುದು ತಡವಾಗಿದೆ. ಬೆಳಕಿಗೆ ಹಿಡಿದಾಗ ಕಣ್ಣಿಗೆ ಕಾಣುವ ಹೊಳೆಯುವ ಚೂರುಗಳಿದ್ದರೆ ಯಾವುದೋ ಹಲ್ಲು ಮುರಿದಿದೆ, ಹುಡುಕಿ.

ಗೇರ್‌ಗಳನ್ನು ತೊಳೆದು ಒಣಗಿಸಿದ ಮೇಲೆ ಮೂರು ಜಾಗಗಳನ್ನು ನೋಡಿ: ಹಲ್ಲುಗಳ ಅಂಚು ಮೊಂಡಾಗಿದೆಯೆ, ಅಡ್ಡಪಿನ್ನಿನಲ್ಲಿ ಉಗುರಿಗೆ ತಗಲುವ ಗೆರೆ ಬಿದ್ದಿದೆಯೆ, ಔಟ್‌ಡ್ರೈವ್‌ನ ದಂಡದಲ್ಲಿ ಓ-ರಿಂಗ್ ಕೂರುವ ಕಡೆ ಸುತ್ತ ಗೀರು ಬಿದ್ದಿದೆಯೆ. ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ದಂಡವೇ ಸವೆದಿದ್ದರೆ ಎಷ್ಟು ಹೊಸ ಓ-ರಿಂಗ್ ಹಾಕಿದರೂ ಸೋರಿಕೆ ನಿಲ್ಲದು.

ಹಂತ 5: ಜೋಡಿಸಿ ತುಂಬುವುದು

ಹೊಸ ಓ-ರಿಂಗ್‌ಗಳಿಗೆ ತುಸು ಸಿಲಿಕೋನ್ ಗ್ರೀಸ್ ಅಥವಾ ಗ್ರೀನ್ ಸ್ಲೈಮ್ ಹೆಸರಿನಲ್ಲಿ ಸಿಗುವ ಸೀಲ್ ಗ್ರೀಸ್ ಸವರಿ ಕೂರಿಸಿ. ಔಟ್‌ಡ್ರೈವ್ ಅನ್ನು ಒತ್ತಿ ತಳ್ಳದೆ ತಿರುಗಿಸುತ್ತ ಒಳಗೆ ಇಳಿಸಿ, ಇಲ್ಲದಿದ್ದರೆ ಪಿನ್ನಿನ ರಂಧ್ರದ ಅಂಚು ಓ-ರಿಂಗನ್ನು ಕತ್ತರಿಸುತ್ತದೆ. ಆಮೇಲೆ ಶಿಮ್, ಅದರ ಮೇಲೆ ಪಿನ್, ಪಿನ್ನಿನ ಮೇಲೆ ಸನ್ ಗೇರ್. ಸನ್ ಗೇರ್‌ನ ಬೆನ್ನಿನ ತೋಡಿನಲ್ಲಿ ಪಿನ್ ಪೂರ್ತಿ ಕುಳಿತಿದೆಯೆಂದು ಖಚಿತಪಡಿಸಿಕೊಂಡು, ಅಡ್ಡಪಿನ್ನುಗಳೊಂದಿಗೆ ಸ್ಪೈಡರ್ ಗೇರ್‌ಗಳನ್ನು ಇಡಿ.

ಈಗ ಎಣ್ಣೆ ಹಾಕುವ ಮೊದಲು ಗೇರ್‌ಗಳಿರುವ ಕೇಸ್ ಅನ್ನು ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಳ್ಳಿ. ಅಡ್ಡಪಿನ್ನುಗಳು ಈಗಷ್ಟೇ ಮುಳುಗುವಂತೆ ಎಣ್ಣೆ ಸುರಿಯಿರಿ. ಔಟ್‌ಡ್ರೈವ್ ಅನ್ನು ನಿಧಾನವಾಗಿ ತಿರುಗಿಸಿದರೆ ಹಲ್ಲುಗಳ ಸಂದಿನಿಂದ ಗಾಳಿಗುಳ್ಳೆಗಳು ಏಳುತ್ತವೆ, ಎಣ್ಣೆಯ ಮಟ್ಟ ಇಳಿಯುತ್ತದೆ. ಗುಳ್ಳೆಗಳು ಮೇಲೆ ಬಂದು ಒಡೆಯುವವರೆಗೆ ಕಾಯಬೇಕು. 3,000ದ ಎಣ್ಣೆಗೆ ಸ್ವಲ್ಪ ಹೊತ್ತು ಸಾಕು, 10,000ಕ್ಕೆ ಧೂಳು ಬೀಳದಂತೆ ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡುವುದು ಒಳ್ಳೆಯದು. ಮಟ್ಟ ಇಳಿದಷ್ಟನ್ನು ಮತ್ತೆ ತುಂಬಿ, ಕೊನೆಯ ತೂಕವನ್ನು ಬರೆದಿಡಿ. ಮುಂದಿನ ಸಲ ಕಣ್ಣಳತೆಯ ಬದಲು ಇದೇ ತೂಕಕ್ಕೆ ತುಂಬಿದರೆ ಡಿಫ್ ಪ್ರತಿ ಸಲವೂ ಒಂದೇ ರೀತಿ ವರ್ತಿಸುತ್ತದೆ. ಎಣ್ಣೆಯ ಸಂಖ್ಯೆಯ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರಲ್ಲಿ ಹಲವರು ಈ ಒಂದು ಕೆಲಸವನ್ನು ಮಾಡುವುದಿಲ್ಲ.

ಅಂಚಿನವರೆಗೆ ತುಂಬಬೇಡಿ. ಸಿಲಿಕೋನ್ ಎಣ್ಣೆ 50 ಡಿಗ್ರಿ ಬಿಸಿಯಾದರೆ ಗಾತ್ರದಲ್ಲಿ ಸುಮಾರು ಶೇ. 5ರಷ್ಟು ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲದಿದ್ದರೆ ಓ-ರಿಂಗ್‌ನ ಸಂದಿನಿಂದ ಹೊರಗೆ ನುಗ್ಗುತ್ತದೆ.

ಗ್ಯಾಸ್ಕೆಟ್ ಇಟ್ಟು ಕ್ರೌನ್ ಗೇರ್ ಮುಚ್ಚಿ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪ್ಲಾಸ್ಟಿಕ್ ಕೇಸ್ ಆದರೆ ಪ್ರತಿ ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಿ; ಹಳೆಯ ಮರೆ (ಥ್ರೆಡ್) ಸಿಕ್ಕಾಗ ಸಣ್ಣಗೆ ಟಿಕ್ ಎನ್ನುತ್ತದೆ, ಅಲ್ಲಿಂದ ಮುಂದಕ್ಕೆ ಬಿಗಿಯಿರಿ. ಸ್ಕ್ರೂ ಸಡಿಲವಾಗದಿರಲು ಹಚ್ಚುವ ಥ್ರೆಡ್‌ಲಾಕ್ ದ್ರವ ಲೋಹಕ್ಕೆ ಲೋಹ ಸೇರುವ ಕಡೆ ಮಾತ್ರ. ಪ್ಲಾಸ್ಟಿಕ್‌ಗೆ ತಗುಲಿದರೆ ಅದು ಬಿರುಕು ಬಿಡಬಹುದು.

ಹಂತ 6: ಕ್ರೌನ್ ಮತ್ತು ಪಿನಿಯನ್‌ನ ಹೊಂದಿಕೆ

ಗೇರ್‌ಗಳು ಹಾಳಾಗುವುದು ಹೆಚ್ಚಾಗಿ ಈ ಹಂತವನ್ನು ಬಿಟ್ಟುಬಿಡುವುದರಿಂದ. ಕೇಸ್ ಮತ್ತು ಬೇರಿಂಗ್‌ನ ನಡುವೆ 0.1 ಅಥವಾ 0.2 ಮಿಲಿಮೀಟರ್ ದಪ್ಪದ ಶಿಮ್ ಇಟ್ಟು ಡಿಫ್ ಅನ್ನು ಎಡಕ್ಕೋ ಬಲಕ್ಕೋ ಸರಿಸುವ ಮೂಲಕ ಕ್ರೌನ್ ಗೇರ್ ಪಿನಿಯನ್‌ಗೆ ಎಷ್ಟು ಹತ್ತಿರವಿರಬೇಕೆಂದು ನಿರ್ಧರಿಸಲಾಗುತ್ತದೆ. ಗೇರ್‌ಬಾಕ್ಸ್‌ನ ಎಲ್ಲ ಸ್ಕ್ರೂಗಳನ್ನೂ ಬಿಗಿದ ಮೇಲೆಯೇ ಪರೀಕ್ಷಿಸಿ, ಏಕೆಂದರೆ ಅರ್ಧ ಬಿಗಿದ ಪ್ಲಾಸ್ಟಿಕ್ ಪೆಟ್ಟಿಗೆ ಸುಳ್ಳು ಹೇಳುತ್ತದೆ. ಪಿನಿಯನ್ನನ್ನು ಬೆರಳಲ್ಲಿ ಹಿಡಿದು ಅಲುಗಿಸಿದಾಗ ಕೇವಲ ತಿಳಿಯುವಷ್ಟು ಆಟ ಇರಬೇಕು, ಪೂರ್ತಿ ಸುತ್ತಿನಲ್ಲಿ ಎಲ್ಲಿಯೂ ಬಿಗಿಯಬಾರದು. ಒಂದೇ ಜಾಗದಲ್ಲಿ ಬಿಗಿಯುತ್ತಿದ್ದರೆ ಕ್ರೌನ್ ಗೇರ್‌ನ ಸ್ಕ್ರೂಗಳು ಸಮನಾಗಿ ಬಿಗಿದಿಲ್ಲ. ಆಟ ಹೆಚ್ಚಾದರೆ ಹಾರಿ ಬಿದ್ದಾಗ ಮತ್ತು ಥ್ರಾಟಲ್ ಒತ್ತಿದಾಗ ಟಕಟಕ ಸದ್ದಿನೊಂದಿಗೆ ಹಲ್ಲು ಜಿಗಿಯುತ್ತದೆ. ಆ ಸದ್ದು ಕೇಳಿದ ಕೂಡಲೇ ಗಾಡಿ ನಿಲ್ಲಿಸಿ. ಇನ್ನೊಂದು ಸುತ್ತು ಓಡಿಸಿದರೆ ಎರಡು ಗೇರ್‌ಗಳನ್ನೂ ಕೊಳ್ಳಬೇಕಾಗುತ್ತದೆ.

ಬಾಲ್ ಡಿಫ್ ಇದ್ದವರಿಗೆ

ಇಲ್ಲಿ ಎರಡು ಬಗೆಯ ಗ್ರೀಸ್ ಬೇಕು, ಅವುಗಳ ಜಾಗ ಅದಲುಬದಲಾಗಬಾರದು. ದೊಡ್ಡ ಗುಂಡುಗಳಿಗೆ ಪಾರದರ್ಶಕ ಸಿಲಿಕೋನ್ ಡಿಫ್ ಗ್ರೀಸ್. ಸ್ಪ್ರಿಂಗ್‌ನ ಒತ್ತಡವನ್ನು ಹೊರುವ ಪುಟ್ಟ ಥ್ರಸ್ಟ್ ಬೇರಿಂಗ್‌ಗೆ ಕಪ್ಪು ಮಾಲಿಬ್ಡಿನಮ್ ಗ್ರೀಸ್. ಕಪ್ಪು ಗ್ರೀಸ್ ದೊಡ್ಡ ಗುಂಡುಗಳಿಗೆ ಹೋದರೆ ಅವು ಹಿಡಿತ ಕಳೆದುಕೊಂಡು ಜಾರುತ್ತವೆ. ಉಕ್ಕಿನ ಬಳೆಗಳಲ್ಲಿ ಗುಂಡುಗಳ ಜಾಡು ಆಳವಾಗಿ ಬಿದ್ದಿದ್ದರೆ ಬಳೆಯನ್ನು ಮಗುಚಿ ಹಾಕಿ, ಅಥವಾ ಗಾಜಿನ ಮೇಲಿಟ್ಟ ನಯವಾದ ಉಪ್ಪುಕಾಗದದಲ್ಲಿ ಎಂಟರ ಆಕಾರದಲ್ಲಿ ತಿಕ್ಕಿ ಬಳಸಬಹುದು.

ಸ್ಕ್ರೂ ಬಿಗಿಯುವಾಗ ಔಟ್‌ಡ್ರೈವ್‌ಗಳನ್ನು ತಿರುಗಿಸುತ್ತಲೇ ಇರಿ, ಆಗ ಗುಂಡುಗಳು ಸಮನಾಗಿ ಕೂರುತ್ತವೆ. ಪರೀಕ್ಷೆಗೆ ಎರಡೂ ಹಿಂದಿನ ಟೈರ್‌ಗಳನ್ನು ಬಿಗಿಯಾಗಿ ಹಿಡಿದು ಮೋಟರಿನ ಪಕ್ಕದ ದೊಡ್ಡ ಸ್ಪರ್ ಗೇರ್ ಅನ್ನು ಹೆಬ್ಬೆರಳಿನಿಂದ ತಳ್ಳಿ. ಜಾರಿದರೆ ಸ್ಲಿಪರ್ ಕ್ಲಚ್, ಅಂದರೆ ಅತಿಯಾದ ಬಲ ಬಂದಾಗ ಜಾರಿ ಗೇರ್‌ಗಳನ್ನು ಕಾಪಾಡುವ ತಟ್ಟೆಗಳು ಜಾರಬೇಕು. ಡಿಫ್ ಎಂದಿಗೂ ಮೊದಲು ಜಾರಬಾರದು. ಓಟದಲ್ಲಿ ಗಾಡಿ ಹಿಂಭಾಗದಿಂದ ನಾಯಿಮರಿ ಬೊಗಳಿದಂತೆ ಸದ್ದು ಮಾಡಿದರೆ ಡಿಫ್ ಜಾರುತ್ತಿದೆ ಎಂದೇ ತಿಳಿಯಿರಿ. ಹೊಸದಾಗಿ ಜೋಡಿಸಿದ ಡಿಫ್ ಅನ್ನು ಕೆಲವು ನಿಮಿಷ ನಿಧಾನವಾಗಿ ಓಡಿಸಿ, ಬಿಗಿತವನ್ನು ಮತ್ತೊಮ್ಮೆ ನೋಡಿ.

ಎಷ್ಟು ದಿನಕ್ಕೊಮ್ಮೆ?

ಇದಕ್ಕೆ ಎಲ್ಲರಿಗೂ ಹೊಂದುವ ಲೆಕ್ಕವಿಲ್ಲ. 1/8 ರೇಸ್ ಗಾಡಿಯ ನಡುವಿನ ಡಿಫ್ ಎಲ್ಲಕ್ಕಿಂತ ಹೆಚ್ಚು ಬಿಸಿಯಾಗುವುದರಿಂದ ಸ್ಪರ್ಧೆಗಳಿಗೆ ಹೋಗುವವರು ಅದರ ಎಣ್ಣೆಯನ್ನು ಪ್ರತಿ ಸ್ಪರ್ಧೆಗೂ ಮೊದಲು ಬದಲಿಸುತ್ತಾರೆ, ಮುಂದಿನ ಮತ್ತು ಹಿಂದಿನವನ್ನು ಅಷ್ಟು ಬೇಗ ಮುಟ್ಟುವುದಿಲ್ಲ. ವಾರಾಂತ್ಯದಲ್ಲಿ ಓಡಿಸುವವರು ದಿನಗಳನ್ನು ಎಣಿಸುವ ಬದಲು ಪ್ರತಿ ಓಟದ ಬಳಿಕ ಒಂದು ಸಣ್ಣ ಪರೀಕ್ಷೆ ಮಾಡಿದರೆ ಸಾಕು: ಸ್ಪರ್ ಗೇರ್ ಅಥವಾ ನಡುವಿನ ದಂಡವನ್ನು ಹಿಡಿದು ಒಂದು ಚಕ್ರವನ್ನು ತಿರುಗಿಸಿ. ಮೂರು ಡಿಫ್‌ಗಳ ಗಾಡಿಯಲ್ಲಿ ಮುಂದಿನ ಅಥವಾ ಹಿಂದಿನ ಡಿಫ್‌ಗೆ ಹೋಗುವ ದಂಡವನ್ನೇ ಹಿಡಿಯಬೇಕು. ಎದುರಿನ ಚಕ್ರ ವಿರುದ್ಧ ದಿಕ್ಕಿಗೆ ನಯವಾಗಿ, ಮೊದಲಿದ್ದಷ್ಟೇ ಭಾರವಾಗಿ ತಿರುಗಬೇಕು. ಹಗುರವಾಗಿದ್ದರೆ ಎಣ್ಣೆ ಸೋರಿದೆ. ಮರಳು ಸಿಕ್ಕಂತೆ ಕರಕರ ಎಂದರೆ ಬೇರಿಂಗ್ ಅಥವಾ ಗೇರ್ ಸವೆದಿದೆ. ಔಟ್‌ಡ್ರೈವ್‌ನ ಬುಡದಲ್ಲಿ ಮಾತ್ರ ಕೆಂಪು ಧೂಳು ಹಸಿಯಾಗಿ ಅಂಟಿಕೊಂಡಿದ್ದರೆ ಅದು ಸೋರಿಕೆಯ ಮೊದಲ ಗುರುತು.

ಮಳೆಗಾಲದ ಕೆಸರಿನಲ್ಲಿ ಓಡಿಸಿದ ಗಾಡಿಯನ್ನು ಸರ್ವಿಸ್ ಸ್ಟೇಷನ್ನಿನ ಜೋರು ನೀರಿಗೆ ಒಡ್ಡಬೇಡಿ, ಪಂಕ್ಚರ್ ಅಂಗಡಿಯ ಗಾಳಿಯನ್ನೂ ಔಟ್‌ಡ್ರೈವ್‌ಗೆ ನೇರವಾಗಿ ಹಿಡಿಯಬೇಡಿ. ಎರಡೂ ಹೊರಗಿನ ಮಣ್ಣನ್ನು ಬೇರಿಂಗ್‌ನ ಒಳಕ್ಕೆ ತಳ್ಳುತ್ತವೆ. ಮೃದುವಾದ ಬ್ರಷ್ಷಿನಿಂದ ಒರೆಸಿ, ಬೇರಿಂಗ್‌ಗೆ ಒಂದೆರಡು ಹನಿ ತೆಳು ಎಣ್ಣೆ ಬಿಡಿ.

ಬಿಡಿಭಾಗಗಳಲ್ಲಿ ಓ-ರಿಂಗ್, ಗ್ಯಾಸ್ಕೆಟ್ ಮತ್ತು ಶಿಮ್‌ಗಳ ಒಂದೊಂದು ಪೊಟ್ಟಣ, ಒಂದು ಕ್ರೌನ್-ಪಿನಿಯನ್ ಜೋಡಿ ಮನೆಯಲ್ಲಿರಲಿ. ಈ ಜೋಡಿಯಲ್ಲಿ ಒಂದು ಮುರಿದರೂ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಸವೆದ ಪಿನಿಯನ್ ಹೊಸ ಕ್ರೌನ್ ಗೇರನ್ನು ಬೇಗನೆ ತಿಂದುಹಾಕುತ್ತದೆ. ಡಿಫ್ ಮುಚ್ಚಿದ ಮೇಲೆ ಕೇಸ್‌ನ ಮೇಲೆ ಶಾಶ್ವತ ಶಾಯಿಯ ಪೆನ್ನಿನಿಂದ ಎಣ್ಣೆಯ ಸಂಖ್ಯೆ, ತೂಕ ಮತ್ತು ದಿನಾಂಕವನ್ನು ಬರೆಯಿರಿ. ಮೂರು ಡಿಫ್‌ಗಳೂ ಮೇಜಿನ ಮೇಲೆ ಬಿಚ್ಚಿಟ್ಟಿರುವಾಗ ಯಾವುದು ಎಲ್ಲಿಯದು ಎಂಬ ಗೊಂದಲ ಇದರಿಂದ ತಪ್ಪುತ್ತದೆ.